ಒಕ್ಕಣ್ಣಿನವನ ಎರಡು ಕ್ಯಾಮೆರಾ

ಫೋಟೋದವನು ತೀರಿಕೊಂಡ ಸುದ್ದಿ ತಂದವನು ನನ್ನ ತಮ್ಮನ ಮಗ. ಅವನು ದೇವದುರ್ಗದ ಬಸ್ಸಿನಲ್ಲಿ ಕಂಡಕ್ಟರ್. “ನಿಮ್ಮ ಮುಂದಿನ ಖೋಲ್ಯಾಗ ಬಾಡಿಗಿ ಇದ್ನಲ್ಲ ಅತ್ತಿ, ಒಕ್ಕಣ್ಣಿನ ಫೋಟೋದವ, ಹೋದನಂತ. ದೇವದುರ್ಗದಾಗ ಝೆರಾಕ್ಸ್ ಅಂಗಡ್ಯಾಗ ಕುಂತಲ್ಲೇ ಕುಸಿದನಂತ” ಎಂದು ಹೇಳಿ, ಮಜ್ಜಿಗೆ ಕುಡಿದು ಡ್ಯೂಟಿಗೆ ಹೋದ. ನಾನು ಕೇರುತ್ತಿದ್ದ ಜೋಳವನ್ನು ಕೇರಿ ಮುಗಿಸಿದೆ. ಅಳಲಿಲ್ಲ. ಅವನೇನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಬಳಗದವನೂ ಅಲ್ಲ. ಒಂದು ಬೇಸಿಗೆ ನನ್ನ ಮನೆಯಲ್ಲಿ ಇದ್ದು ಹೋದವನು. ಆದರೆ ಆ ಬೇಸಿಗೆಯಲ್ಲಿ ಅವನು ಪಟ್ಟ ಪಾಡನ್ನು ನಾನು ಬಿಟ್ಟರೆ ಹೇಳುವವರು ಯಾರೂ ಉಳಿದಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಇದ್ದದ್ದನ್ನು ಇದ್ದಂತೆ ಆಡುವುದಷ್ಟೇ ನನಗೆ ಬರುತ್ತದೆ.

ರಾಯಚೂರಿನಲ್ಲಿ ದವಾಖಾನೆಯ ಹಿಂದಿನ ಓಣಿಯಲ್ಲಿ ನನ್ನ ಮನೆ. ಮುಂದಿನ ಖೋಲಿಯನ್ನು ಪೇಷಂಟ್ ಕಡೆಯವರಿಗೆ ಬಾಡಿಗೆಗೆ ಕೊಡುತ್ತೇನೆ. ಅವನು ಮಾನ್ವಿಯವನು. ಅಲ್ಲಿ ಸ್ಟುಡಿಯೋ ಇತ್ತು. ಹೆಂಡತಿ ಹುಲಿಗೆಮ್ಮನಿಗೆ ಎರಡೂ ಕಿಡ್ನಿ ಕೆಟ್ಟು, ವಾರಕ್ಕೆರಡು ಸಲ ಮಿಷನ್ನಿನಲ್ಲಿ ರಕ್ತ ತೊಳೆಸಬೇಕಾಗಿತ್ತು. ಆ ಬಿಸಿಲಿನಲ್ಲಿ ಬಸ್ಸಿನಲ್ಲಿ ಓಡಾಡಿ ಅವಳು ಒಣಗಿದ ಸೊಪ್ಪಾಗಿದ್ದಳು. ಅದಕ್ಕೇ ಖೋಲಿ ಹಿಡಿದರು. ನಾಲ್ಕು ವರ್ಷದ ಮಗಳು ಅಂಕಿತಾಳನ್ನು ಚೀಕಲಪರ್ವಿಯಲ್ಲಿ ಹುಲಿಗೆಮ್ಮನ ತಾಯಿಯ ಹತ್ತಿರ ಬಿಟ್ಟಿದ್ದರು.

ಬಂದ ದಿನ ಚಹಾ ಕೊಟ್ಟೆ. ಅವನು ಕಪ್ಪಿನಿಂದ ಬಸಿಗೆ ಸುರಿಯುವ ಮುಂಚೆ ಕಪ್ಪಿನ ತುದಿಯನ್ನು ಬಸಿಯ ಅಂಚಿಗೆ ತಾಗಿಸಿ ನೋಡಿದ. ತಾಗಿತು ಎಂದು ಖಾತ್ರಿಯಾದ ಮೇಲೆ ಸುರಿದ. ಮೆಟ್ಟಿಲು ಇಳಿಯುವಾಗಲೂ ಅಷ್ಟೇ, ಹೆಬ್ಬೆರಳಿನಿಂದ ಕಲ್ಲು ತಡವಿ ಆಮೇಲೆ ಪಾದ ಊರುತ್ತಿದ್ದ. ಎಡಗಣ್ಣು ಬೆಳ್ಳಗೆ ಬೇಯಿಸಿದ ತತ್ತಿಯಂತೆ ಇತ್ತು. ನಾನು ನೇರ ಕೇಳಿದೆ.

“ಕಣ್ಣು ಎಲ್ಲಿ ಕಳಕೊಂಡ್ಯೋ ತಮ್ಮಾ?”

“ಯಾಪಲದಿನ್ನಿ ಹೊಲದಾಗ, ದೊಡ್ಡವ್ವ. ಸಣ್ಣಾಂವ ಇದ್ದಾಗ ಹತ್ತಿ ಕಟಗಿ ಚುಚ್ಚಿತು. ಹೋಗಿ ಹುಡುಕಿದ್ರ ಇನ್ನೂ ಅಲ್ಲೇ ಬಿದ್ದಿರಬೇಕು.”

“ಒಕ್ಕಣ್ಣ ಇದ್ದು ಫೋಟೋ ಹ್ಯಾಂಗ ತೆಗಿತಿ?”

“ಎರಡು ಕಣ್ಣಿನವ್ರು ಒಂದು ಮುಚಗೊಂಡೇ ತೆಗಿತಾರಲ್ಲ. ನನಗ ಮುಚ್ಚೋ ತ್ರಾಸು ಉಳಿತು.”

ಹುಲಿಗೆಮ್ಮ ಚಾಪೆಯ ಮೇಲೆ ಮಲಗಿದ್ದವಳು ಮಗ್ಗಲು ತಿರುಗಿ, “ಮದಿವಿ ಮುಂಚೆ ನನ್ನ ಅರ್ಧಾನೇ ನೋಡಿದ್ರು, ಅದಕ್ಕ ಹೂಂ ಅಂದ್ರು” ಎಂದಳು. ಅಷ್ಟು ನೋವಿನಲ್ಲೂ ಬಾಯಿ ಚುರುಕು ಇತ್ತು ಅವಳಿಗೆ.

ಅವನ ಕಸುಬು ಬಹಳವಾಗಿ ಸತ್ತವರದು. ನಮ್ಮ ಕಡೆ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸುತ್ತೇವೆ. ಕತ್ತು ಬೀಳದ ಹಾಗೆ ಹಣೆಗೆ ಬಟ್ಟೆ ಪಟ್ಟಿ ಕಟ್ಟಿ ಮೇಲಿನ ಮೊಳೆಗೆ ಬಿಗಿಯುತ್ತೇವೆ. ಹೂ ಹಾಕಿ, ಸುತ್ತ ಕೂತು, ಒಂದು ಫೋಟೋ ತೆಗೆಸುತ್ತೇವೆ. ಎಷ್ಟೋ ಮಂದಿ ಬಡವರಿಗೆ ಬದುಕಿನಲ್ಲಿ ಅದೊಂದೇ ಫೋಟೋ. ಕುರ್ಡಿಯಿಂದ ದೇವದುರ್ಗದ ತನಕ ಯಾರು ಸತ್ತರೂ ಇವನ ಬೈಕಿಗೆ ಹೇಳಿಕಳಿಸುತ್ತಿದ್ದರು. ಯಾಕೆಂದರೆ ಇವನು ಕಣ್ಣು ತೆರೆಸುತ್ತಿದ್ದ. ಸತ್ತವರ ಫೋಟೋವನ್ನು ಕಂಪ್ಯೂಟರಿಗೆ ಹಾಕಿ, ಹಣೆಯ ಪಟ್ಟಿ ಅಳಿಸಿ, ಮುಚ್ಚಿದ ರೆಪ್ಪೆಯ ಮೇಲೆ ತೆರೆದ ಕಣ್ಣು ಕೂಡಿಸಿ, ಚೌಕಟ್ಟು ಹಾಕಿಸಿ ಕೊಡುತ್ತಿದ್ದ. “ನಮ್ಮಪ್ಪನ ಕಣ್ಣು ತೆರೆಸಿಕೊಡ್ರಿ” ಎಂದು ಮಂದಿ ಅವನ ಅಂಗಡಿಗೆ ಬರುತ್ತಿದ್ದರಂತೆ, ಪೊರೆ ಡಾಕ್ಟರ ಹತ್ತಿರ ಹೋದ ಹಾಗೆ.

“ಯಾರ ಕಣ್ಣು ಹಾಕತಿ?” ಎಂದೆ.

“ಬದುಕಿದವರವು. ಅದೇ ವಯಸ್ಸಿನವರವು ಯಾರವಾದರೂ.”

“ಮಂದಿಗೆ ಗೊತ್ತಾಗಲ್ಲೇನು?”

“ನನಗ ಗೊತ್ತಾಗಿತ್ತು” ಎಂದ. ಇವನ ತಾಯಿ ಇವನು ಮೂರು ವರ್ಷದವನಿದ್ದಾಗ ಸತ್ತಳಂತೆ. ಕೂಡಿಸಿ ತೆಗೆದ ಫೋಟೋಕ್ಕೆ ಆ ಕಾಲದ ಸ್ಟುಡಿಯೋದವನು ಕುಂಚದಿಂದ ಕಣ್ಣು ಬರೆದಿದ್ದ. ಇವನು ದೊಡ್ಡವನಾಗುವ ತನಕ ಆ ಫೋಟೋಕ್ಕೇ ಕೈ ಮುಗಿದ. ಒಂದು ದಿನ ಬೇರೆಯವರ ಮನೆಗೆ ಹೋದರೆ, ಗೋಡೆಯ ಮೇಲಿನ ಇನ್ಯಾವುದೋ ಸತ್ತ ಹೆಂಗಸಿಗೆ ಅದೇ ಕಣ್ಣು. “ಆ ಕಣ್ಣು ನಮ್ಮವ್ವನವು ಅಲ್ಲ ದೊಡ್ಡವ್ವ. ನಮ್ಮವ್ವ ಹ್ಯಾಂಗಿದ್ಲು ಅಂತ ನನಗ ಇವತ್ತಿಗೂ ಗೊತ್ತಿಲ್ಲ. ಅಂಕಿತಾಗ ಹಂಗ ಆಗಬಾರದು.”

ಅವನ ಚಿಂತೆಯೆಲ್ಲ ಅಷ್ಟೇ. ಹೆಂಡತಿ ಉಳಿಯುವುದಿಲ್ಲ ಎಂದು ಡಾಕ್ಟರು ಇವನಿಗೆ ಹೇಳಿಬಿಟ್ಟಿದ್ದರು. ಉಳಿಸುವುದು ಇವನ ಕೈಯಲ್ಲಿ ಇರಲಿಲ್ಲ. ಮಗಳಿಗೆ ಅವ್ವನನ್ನು ಉಳಿಸಿಕೊಡುತ್ತೇನೆ ಎಂದು ಹಟ ಹಿಡಿದ. “ಮೊಬೈಲಿನಾಗ ವಿಡಿಯೋ ಹಿಡಿಯೋ, ಅಷ್ಟಕ್ಕ ಯಾಕ ಒದ್ದಾಡ್ತಿ” ಎಂದೆ.

“ಹಿಡಿದೀನಿ. ಅದರಾಗ ಅಕಿ ಗಾಜಿನ ಆಚಿಗೆ ಇರ್ತಾಳ. ನನಗ ಈಚಿಗೆ ಬರಬೇಕು.”

ಈಚೆಗೆ ತರುವ ಉಪಾಯವೂ ಅವನ ಹತ್ತಿರ ಇತ್ತು. ಎರಡು ಕಣ್ಣು ಎರಡು ಕಡೆಯಿಂದ ನೋಡುವುದಕ್ಕೇ ನಮಗೆ ಯಾವುದು ಹತ್ತಿರ, ಯಾವುದು ದೂರ ಎಂದು ತಿಳಿಯುತ್ತದಂತೆ. ಅದಕ್ಕೆ ಮುಚ್ಚಿಹೋದ ಇನ್ನೊಂದು ಸ್ಟುಡಿಯೋದಿಂದ ತನ್ನ ಕ್ಯಾಮೆರಾದಂಥದ್ದೇ ಇನ್ನೊಂದನ್ನು ತಂದಿದ್ದ. ಎರಡನ್ನೂ ಒಂದು ಮರದ ಪಟ್ಟಿಯ ಮೇಲೆ ಬಿಗಿದು, ಒಂದೇ ಸಲಕ್ಕೆ ಎರಡು ಫೋಟೋ ತೆಗೆಯುತ್ತಿದ್ದ. ಒಂದು ರಟ್ಟಿನ ಪೆಟ್ಟಿಗೆ ಮಾಡಿ ಅದಕ್ಕೆ ಎರಡು ಭೂತಗನ್ನಡಿ ಕೂಡಿಸಿದ್ದ. ಅದರೊಳಗೆ ಜೋಡಿ ಫೋಟೋ ಸೇರಿಸಿ ಕಣ್ಣಿಗೆ ಹಿಡಿದರೆ, ಎಡಗಣ್ಣಿಗೆ ಎಡದ್ದು, ಬಲಗಣ್ಣಿಗೆ ಬಲದ್ದು. ಎರಡೂ ತಲೆಯೊಳಗೆ ಕೂಡಿ ಒಂದಾಗಿ ಮನುಷ್ಯ ಎದ್ದು ಕೂಡಬೇಕು.

ಇದನ್ನು ನೋಡಲು ಎರಡು ಕಣ್ಣು ಬೇಕು. ಮಾಡಿದವನಿಗೇ ಅದು ಕಾಣುವುದಿಲ್ಲ. ಇಂಥ ಹುಚ್ಚನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹುಲಿಗೆಮ್ಮನನ್ನು ನನ್ನ ಖೋಲಿಯ ಗೋಡೆಗೆ ಕುರ್ಚಿ ಹಾಕಿ ಕೂಡಿಸಿದ. ಫೋಟೋ ತೆಗೆದ. ಪ್ರಿಂಟ್ ಹಾಕಿಸಿಕೊಂಡು ಬಂದು ಓಣಿಯವರಿಗೆಲ್ಲ ಪೆಟ್ಟಿಗೆ ಕೊಟ್ಟ. ಚಹಾದಂಗಡಿಯವನು “ಮಸ್ತ್ ಅದ ಭಾಯಿ” ಎಂದ. ದವಾಖಾನೆಯ ನರ್ಸಮ್ಮ “ಅಯ್ಯೋ ಎದ್ದು ಬಂದಂಗ ಕಾಣತಾಳ್ರಿ” ಎಂದಳು. ಸಾಯುವವಳ ಗಂಡನಿಗೆ ಬೇರೆ ಏನು ಹೇಳುತ್ತಾರೆ? ಕೊನೆಗೆ ನನಗೆ ಕೊಟ್ಟ. ನೋಡಿದೆ. ಕೂಡಲೇ ಪೆಟ್ಟಿಗೆ ಕೆಳಗಿಳಿಸಿದೆ.

“ಏನು ಕಾಣತದ ದೊಡ್ಡವ್ವ?”

“ಏನು ಕಾಣತದ, ನನ್ನ ತಲಿ! ಗ್ವಾಡಿ ಬಸರಿ ಹೆಂಗಸಿನ ಹಾಂಗ ಹೊಟ್ಟಿ ಬಿಟ್ಟಾದ. ಬಾಗಿಲ ಚೌಕಟ್ಟು ಒಂದು ಕಣ್ಣಿಗೆ ಎತ್ತರ, ಒಂದು ಕಣ್ಣಿಗೆ ಗಿಡ್ಡ. ನೆಲದ ಕಲ್ಲು ಬಾಗ್ಯಾವ. ಕಣ್ಣು ಕಿತ್ತು ಬರಾಕತ್ತಾವ ನನಗ.”

“ಎಲ್ಲಾರೂ ಚಲೋ ಅದ ಅಂದ್ರು.”

“ಅವರು ಸುಳ್ಳು ಹೇಳ್ಯಾರ.”

ಅವನಿಗೆ ಸಿಟ್ಟು ಬಂತು. “ನಿನ್ನ ಕಣ್ಣಾಗ ಪೊರೆ ಇರಬೇಕು” ಎಂದ. “ಎರಡೂ ಕಣ್ಣಿನ ಪೊರೆ ತೆಗೆಸೀನಿ. ಸೂಜಿ ಪೋಣಿಸಿ ತೋರಿಸಲೇನು? ನೀ ಪೋಣಿಸು ನೋಡೋಣು” ಎಂದೆ. ಪೆಟ್ಟಿಗೆ ಕಿತ್ತುಕೊಂಡು ಹೋದ. ಸಂಜೆಗೆ ತಾನೇ ಬಂದು ಹೊಸ್ತಿಲಲ್ಲಿ ಕೂತ. ಎರಡೂ ಫೋಟೋದ ಬಾಗಿಲಿಗೆ ಸ್ಕೇಲು ಇಟ್ಟು ಅಳೆದು ನೋಡಿದ್ದನಂತೆ. “ಖರೆ ಅದ ದೊಡ್ಡವ್ವ. ಎರಡರಾಗ ಅಳತಿ ಬ್ಯಾರೆ ಬ್ಯಾರೆ ಬಂದಾವ” ಎಂದ. ಅಂದಿನಿಂದ ಓಣಿಯ ಬೇರೆ ಯಾರಿಗೂ ತೋರಿಸಲಿಲ್ಲ. ನನ್ನ ಎರಡು ಕಣ್ಣೇ ಅವನ ಕಣ್ಣಾದವು.

ಮುಂದಿನ ದಿನಗಳು ನನಗೂ ಸಾಕು ಸಾಕು. ಒಂದು ಕ್ಯಾಮೆರಾ ತಗ್ಗಾಗಿದೆ ಎಂದು ಅದರ ಕೆಳಗೆ ಬೀಡಿ ಪಾಕೀಟಿನ ರಟ್ಟು ಮಡಚಿ ಇಟ್ಟ. ಮೇಲಿನ ಮೂಲೆ ಕೂಡಿತು, ಕೆಳಗಿನ ಮೂಲೆ ಬಿಟ್ಟಿತು. ರಟ್ಟು ತೆಗೆದು ಇನ್ನೊಂದರ ಕೆಳಗೆ ಇಟ್ಟ. ಈ ಕಡೆ ಕೂಡಿತು, ಆ ಕಡೆ ಬಿಟ್ಟಿತು. ಪ್ರತಿ ಸಲ ನಾನು “ಇಲ್ಲ” ಎನ್ನುವುದು, ಅವನು ಕತ್ತು ತಗ್ಗಿಸಿ ಹೋಗುವುದು. ರಕ್ತ ತೊಳೆಸಿಕೊಂಡು ಬಂದು ನಿಲ್ಲಲಾರದ ಹುಲಿಗೆಮ್ಮನನ್ನು ಮತ್ತೆ ಕುರ್ಚಿಗೆ ಕೂಡಿಸುವುದು.

ತಪ್ಪು ಎಲ್ಲಿತ್ತೆಂದರೆ, ಅವನ ವಿದ್ಯೆಯಲ್ಲೇ ಇತ್ತು. ಅವನಿಗೆ ಕಸುಬು ಕಲಿಸಿದ ಉಸ್ತಾದರು ಒಂದು ಮಾತು ಹೇಳಿದ್ದರಂತೆ, ಕ್ಯಾಮೆರಾ ಮನುಷ್ಯನ ಮೂಗಿನ ನೇರಕ್ಕೆ ಇರಬೇಕು, ಅತ್ತಿತ್ತ ನೋಡಿದರೆ ಕೂತವರಿಗೆ ಅವಮಾನ. ಅದು ಅವನ ಮೈಯಲ್ಲಿ ಇಳಿದಿತ್ತು. ಹಾಗಾಗಿ ಎರಡೂ ಕ್ಯಾಮೆರಾಗಳನ್ನು ಒಳಗೆ ತಿರುಗಿಸಿ, ಎರಡರ ಮೂತಿಯನ್ನೂ ಹುಲಿಗೆಮ್ಮನ ಮೂಗಿಗೇ ಹಿಡಿಯುತ್ತಿದ್ದ. ಅವಳು ನಗುತ್ತಿದ್ದಳು. “ಎರಡು ಕಡಿಯಿಂದ ನನ್ನ ಮೂಗಿಗೆ ಗುರಿ ಹಿಡದಾರ ನೋಡು ದೊಡ್ಡವ್ವ. ರೋಗ ಬಿಟ್ರೂ ಇವರು ಬಿಡಂಗಿಲ್ಲ.”

ಒಂದು ದಿನ ನಾನು ಬೈದೆ. ಅವಳು ಕುರ್ಚಿಯಲ್ಲೇ ಕಣ್ಣು ಮುಚ್ಚಿ ಜೋಲುತ್ತಿದ್ದಳು. ಇವನು ಪಟ್ಟಿ ಸರಿ ಮಾಡುತ್ತ ಕೂತಿದ್ದ. “ಲೇ, ಸಾಯೋ ಹೆಣ್ಣಮಗಳನ್ನ ಹಿಂಗ ಕಾಡತಾರೇನು? ಆ ಕಟಗಿ ಒಗೆದು ಅಕಿ ಬಾಜೂಕ ಕುಂದ್ರು. ಕೈ ಹಿಡಿ. ಅಷ್ಟಾರ ಮಾಡು.”

“ನಾ ಕುಂತ್ರ ನನಗ ಸಮಾಧಾನ ದೊಡ್ಡವ್ವ. ಹುಡುಗಿಗೇನು ಉಳಿತದ?”

ನಾನು ಉತ್ತರ ಕೊಡುವ ಮುಂಚೆ ಹುಲಿಗೆಮ್ಮ ಕಣ್ಣು ತೆರೆಯದೆ, “ತೆಗೀಲಿ ಬಿಡು. ನಾ ಹ್ಯಾಂಗೂ ಕುಂತೇ ಇರಬೇಕಲ್ಲ” ಎಂದಳು.

ಅವನಿಗೆ ದಾರಿ ಸಿಕ್ಕಿದ್ದು ಮೊಬೈಲಿನಲ್ಲಿ. ಹೈದರಾಬಾದಿನ ಕಡೆಯ ಯಾರೋ ಒಬ್ಬ ವಿಡಿಯೋದಲ್ಲಿ ತೆಲುಗಿನಲ್ಲಿ ಹೇಳುತ್ತಿದ್ದ. ನಮ್ಮ ಊರಿನಲ್ಲಿ ತೆಲುಗು ಬಾರದವರು ಯಾರು? ನಾನೂ ಕೇಳಿದೆ. ಎರಡು ಕ್ಯಾಮೆರಾ ಒಂದೇ ಕಡೆಗೆ, ಸೀದಾ ಮುಂದಕ್ಕೆ ನೋಡಬೇಕು, ಒಳಗೆ ತಿರುಗಿಸಿದರೆ ಚೌಕ ಇದ್ದದ್ದು ಎರಡು ಕಣ್ಣಿಗೆ ಎರಡು ಥರ ಸೊಟ್ಟಗಾಗುತ್ತದೆ, ಹಿಂದಕ್ಕೆ ಸರಿದು ತೆಗೆದು, ಹೆಚ್ಚಾದ ಅಂಚನ್ನು ಆಮೇಲೆ ಕತ್ತರಿಸಬೇಕು. ಇಷ್ಟೇ. ಇವನು ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದ. ಮುಖ ಬೂದಿಯಾಗಿತ್ತು.

“ಅಕಿ ಮಾರಿ ನೋಡಿದ್ದೇ ತಪ್ಪಾತಲ್ಲ ದೊಡ್ಡವ್ವ” ಎಂದ.

ಪಟ್ಟಿಯ ತಿರುಪು ಬಿಚ್ಚಿ ಎರಡನ್ನೂ ಸೀದಾ ಬಿಗಿದ. ಹುಲಿಗೆಮ್ಮ ಮಲಗಿದ್ದಳು, ಎಬ್ಬಿಸಲಿಲ್ಲ. ಪಡಸಾಲೆಯ ಸ್ಟೂಲಿನ ಮೇಲೆ ನನ್ನ ತಾಮ್ರದ ಕೊಡ ಇಟ್ಟು ತೆಗೆದ. ಪ್ರಿಂಟ್ ಹಾಕಿಸಿ, ಅಂಚು ಕತ್ತರಿಸಿ, ಪೆಟ್ಟಿಗೆ ತಂದುಕೊಟ್ಟ. ನಾನು ಕಣ್ಣಿಗೆ ಹಿಡಿದೆ. ಕೊಡದ ಕಂಠ ನನ್ನ ಮುಂದೆ ಹೊಳೆಯುತ್ತಿತ್ತು, ಹಿಂದೆ ಗೋಡೆ ಗೋಡೆಯ ಹಾಗೆ ನೆಟ್ಟಗೆ ನಿಂತಿತ್ತು. ನನಗೆ ಅರಿವಿಲ್ಲದೆ ಕೈ ಮುಂದಕ್ಕೆ ಹೋಯಿತು, ಕೊಡ ಎತ್ತುವವಳ ಹಾಗೆ. ಅವನು ನನ್ನ ಕೈ ನೋಡಿದ. ಅದು ಗಾಳಿಯಲ್ಲಿ ಎಲ್ಲಿ ನಿಂತಿದೆ ಎಂದು ನೋಡಿದ. ಆ ಮನುಷ್ಯ ಅಷ್ಟು ಜೋರಾಗಿ ನಕ್ಕದ್ದನ್ನು ಅದೊಂದೇ ಸಲ ಕಂಡೆ. ಹುಲಿಗೆಮ್ಮ ಎದ್ದು ಕೂತಳು.

“ಏಳು ಹುಲಿಗಿ, ಬಂತು! ಬಂದು ಕುಂದ್ರು!”

ಅವಳ ಮುಖ ಆವತ್ತು ಬಾತಿತ್ತು. ಕಣ್ಣು ಗೆರೆಯಾಗಿದ್ದವು. ಕನ್ನಡಿ ಕೇಳಿ ನೋಡಿಕೊಂಡಳು. “ಈ ಮಾರಿ ಬ್ಯಾಡ್ರಿ. ಹುಡುಗಿ ಅಂಜತದ. ನಾಳೆ ದವಾಖಾನಿಂದ ಬಂದ ಮ್ಯಾಲ ಇಳದಿರತದ. ತಲಿ ಎರಕೊಂಡು, ಹಸರು ಸೀರಿ ಉಟಗೊಂಡು ಕುಂದ್ರತೀನಿ. ಆಗ ಎಷ್ಟಾರ ತೆಕ್ಕೋರಿ.”

ಅವನು ನನ್ನ ಕಡೆ ನೋಡಿದ. ನಾನೂ ನಾಳೆ ಆಗಲಿ ಎಂದೆ. ಹೆಣ್ಣಮಗಳು ಮಗಳಿಗೆ ಚಂದ ಕಾಣಬೇಕು ಅಂದರೆ ಯಾರು ಬೇಡ ಅನ್ನುತ್ತಾರೆ?

ಮರುದಿನ ಬೆಳಿಗ್ಗೆ ಆಟೋ ಹತ್ತಿಸುವಾಗ ಅವಳಿಗೆ ಉಸಿರು ಹತ್ತಿತು. ದವಾಖಾನೆಯ ಗೇಟಿನ ತನಕ ಹೋಗುವುದರಲ್ಲಿ ಮುಗಿಯಿತು.

ಮಾನ್ವಿಗೆ ಒಯ್ದೆವು. ನಾನೂ ಗಾಡಿಯಲ್ಲಿ ಹೋದೆ. ಚೀಕಲಪರ್ವಿಯಿಂದ ಅವಳ ತಾಯಿ ಹುಡುಗಿಯನ್ನು ಎತ್ತಿಕೊಂಡು ಬಂದಳು. ಹುಲಿಗೆಮ್ಮನಿಗೆ ಸ್ನಾನ ಮಾಡಿಸಿ, ಅದೇ ಹಸಿರು ಸೀರೆ ಉಡಿಸಿ, ಗೋಡೆಗೆ ಕೂಡಿಸಿ, ಹಣೆಗೆ ಪಟ್ಟಿ ಬಿಗಿದರು. ಆಮೇಲೆ ಒಬ್ಬ ಹಿರಿಯ, “ಫೋಟೋಕ್ಕ ಯಾರಿಗೆ ಹೇಳೋಣು?” ಎಂದ. ಎಲ್ಲರೂ ಇವನನ್ನು ನೋಡಿದರು.

ಇವನು ಎದ್ದು ಒಳಗೆ ಹೋಗಿ ಕ್ಯಾಮೆರಾದ ಪಟ್ಟಿ ತಂದ. ಎರಡು ಕ್ಯಾಮೆರಾ ಸೀದಾ ಇದ್ದವು. ಹಿಂದಕ್ಕೆ ಸರಿದ. ನೀರುಮಟ್ಟದ ಗುಳ್ಳೆ ನೋಡಿದ. ಮತ್ತೆ ಸರಿದ. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ನೋಡಿದರು. ಒಬ್ಬಳು ನನ್ನ ಕಿವಿಯಲ್ಲಿ, “ಹೇಣ್ತಿ ಹೆಣದ ಮುಂದ ಗ್ವಾಡಿ ಕಟ್ಟೋ ಗೌಂಡಿ ಹಾಂಗ ಮಟ್ಟ ಹಿಡಿಯಾಕತ್ತಾನಲ್ಲ, ಕಲ್ಲೆದಿ” ಎಂದಳು. “ಬಾಯಿ ಮುಚ್ಚು” ಎಂದೆ. ತೆಗೆದ. ಪಟ್ಟಿ ಕೆಳಗಿಟ್ಟು ಹಿತ್ತಲಿಗೆ ಹೋದ. ಗೋಡೆಗೆ ಹಣೆ ಗಟ್ಟಿಸುವ ಸದ್ದು ಒಳಗೆ ಕೇಳಿಸಿತು.

ಹುಲಿಗೆಮ್ಮನ ದಿನಕರ್ಮ ಮುಗಿದ ಮೇಲೆ ಖೋಲಿ ಖಾಲಿ ಮಾಡಲು ಬಂದ. ಹುಡುಗಿಯೂ ಜೊತೆಗೆ ಇತ್ತು. ಅದಕ್ಕೆ ಪಡಸಾಲೆಯಲ್ಲಿ ತಿನ್ನಲು ಮಂಡಾಳು ಮಿರ್ಚಿ ಕೊಟ್ಟು ಕೂಡಿಸಿ ಒಳಗೆ ಬಂದೆ. ಅವನು ಪೆಟ್ಟಿಗೆ ಹಿಡಿದು ನಿಂತಿದ್ದ. ಗಡ್ಡ ಬೆಳೆದಿತ್ತು.

“ನೋಡು” ಎಂದ.

ನೋಡಿದೆ. ಗೋಡೆ ನೆಟ್ಟಗೆ. ನೆಲ ನೆಟ್ಟಗೆ. ಹುಲಿಗೆಮ್ಮ ನನ್ನ ಮುಂದೆ ಕೂತಿದ್ದಳು, ಸೀರೆಯ ನೆರಿಗೆ ಒಂದೊಂದೂ ಎಣಿಸುವ ಹಾಗೆ. ಹೂವು ಎದೆಯ ಮೇಲೆ ಉಬ್ಬಿ ನಿಂತಿದ್ದವು.

“ಸರಿ ಬಂದದೇನು?”

“ಸರಿ ಬಂದದ.”

“ಜೀವ ಅದ ಅನಸತದೇನು ಅಕಿಗೆ?”

“ಇಲ್ಲ. ಸತ್ತಾಳ.”

ಅವನು ಪೆಟ್ಟಿಗೆಯಿಂದ ಆ ಜೋಡಿ ಎಳೆದು ಇನ್ನೊಂದು ಜೋಡಿ ತುರುಕಿದ. “ಇದನ್ನ ನೋಡು. ಊಟ ಬಿಟ್ಟು ಕುಂತು ಮಾಡೀನಿ. ಕಣ್ಣು ಅಕಿವೇ ಹಾಕೀನಿ, ಬ್ಯಾರೆಯವರವು ಅಲ್ಲ. ನಿನ್ನ ಖೋಲ್ಯಾಗ ತೆಗದ ಫೋಟೋದಾಗಿನವು.”

ಕಣ್ಣಿಗೆ ಹಿಡಿದೆ. ಹುಲಿಗೆಮ್ಮನ ಕಣ್ಣು ತೆರೆದಿದ್ದವು. ಆದರೆ ಅವು ಮುಖದ ಮೇಲೆ ಇರಲಿಲ್ಲ. ಮುಖ ಹಿಂದೆ ಇತ್ತು, ಕಣ್ಣು ಮಾತ್ರ ಗೇಣು ಮುಂದೆ, ಗಾಳಿಯಲ್ಲಿ, ಎರಡು ಹುಳದ ಹಾಗೆ ತೂಗುತ್ತಿದ್ದವು. ಒಂದು ಫೋಟೋದಲ್ಲಿ ಇವನಿಗೆ ಎಲ್ಲಾ ಸರಿ ಕಂಡಿರಬೇಕು. ಇನ್ನೊಂದರಲ್ಲೂ ಸರಿ ಕಂಡಿರಬೇಕು. ಎರಡೂ ಕೂಡಿದಾಗ ಏನಾಗುತ್ತದೆಂದು ಒಂದು ಕಣ್ಣಿನವನಿಗೆ ಹೇಗೆ ಗೊತ್ತಾಗಬೇಕು?

ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ. ಇದ್ದದ್ದನ್ನು ಹೇಳಿದೆ.

“ಕಣ್ಣು ಮಾರಿಗೆ ಕೂತಿಲ್ಲ ತಮ್ಮಾ. ಬಿಟ್ಟು ಮುಂದ ನಿಂತಾವ.”

“ಸ್ವಲ್ಪ ಸರಿಸಿದ್ರ ಕೂಡತಾವೇನು? ಎಷ್ಟು ಸರಿಸಲಿ? ಎಡಕ್ಕ ಸರಿಸಲೇನು?”

“ಸುಟ್ಟುಬಿಡು. ಹುಡುಗಿಗೆ ತೋರಿಸಿದ್ರ ಜಲಮ ಪೂರ್ತಿ ನಿದ್ದಿ ಮಾಡಂಗಿಲ್ಲ ಅದು.”

ಅವನು ನೆಲಕ್ಕೆ ಕುಸಿದು ಕೂತ. “ಊರ ಮಂದಿದೆಲ್ಲ ತೆರೆಸಿದೆ, ನಮ್ಮಕಿದು ಆಗಲಿಲ್ಲ” ಎಂದ. ಅದನ್ನೇ ಎರಡು ಮೂರು ಸಲ ಅಂದ. ನಾನು ನೀರು ತರಲು ಎದ್ದೆ. ಪಡಸಾಲೆಗೆ ಬಂದರೆ ಹುಡುಗಿ ಮಂಡಾಳು ಬಿಟ್ಟು ಎದ್ದಿತ್ತು. ಪಡಸಾಲೆಗೆ ತೆರೆದ ಖೋಲಿಯ ಕಿಟಕಿಯಲ್ಲಿ, ನಾನು ಇಲ್ಲ ಇಲ್ಲ ಅಂದ ಹಳೇ ಜೋಡಿಗಳನ್ನೆಲ್ಲ ಅವನು ಕಟ್ಟಿ ಇಟ್ಟಿದ್ದ, ಎಸೆಯಲು. ಹುಡುಗಿ ಅದರಲ್ಲಿ ಒಂದನ್ನು ಎಳೆದುಕೊಂಡಿತ್ತು. ನನ್ನ ಮುಂದೇ ಖೋಲಿಯೊಳಗೆ ಹೋಗಿ, ನಾನು ಅಪ್ಪನ ಮಗ್ಗಲಲ್ಲಿ ಇಟ್ಟುಬಂದಿದ್ದ ಪೆಟ್ಟಿಗೆಯೊಳಗಿನದನ್ನು ಕಿತ್ತು ಇದನ್ನು ತುರುಕಿ, ನಾವು ಮಾಡುವುದನ್ನು ಕಿಟಕಿಯಿಂದ ನೋಡಿದ್ದ ಹಾಗೆ ಕಣ್ಣಿಗೆ ಹಿಡಿಯಿತು.

“ಅವ್ವ” ಎಂದಿತು.

“ತೆಗಿ ಪುಟ್ಟಿ, ಅದು ಸೊಟ್ಟ ಅದ” ಎಂದ ಇವನು. “ತಲಿ ನೋಯತದ, ತೆಗಿ.”

“ನೋಯಾಕತ್ತದ” ಎಂದಿತು ಹುಡುಗಿ. ತೆಗೆಯಲಿಲ್ಲ. ಪೆಟ್ಟಿಗೆಯ ಕೆಳಗೆ ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಿತ್ತು. ಅಳುವಿನದಲ್ಲ, ಕಣ್ಣು ಎಳೆದು ಬಂದ ನೀರು ಅದು, ನನಗೆ ಗೊತ್ತು.

“ಏನು ಕಾಣತದ ಪುಟ್ಟಿ ನಿನಗ?” ಎಂದು ಕೇಳಿದ.

“ಅವ್ವ ಕುಂತಾಳ. ಗ್ವಾಡಿ ಅವ್ವನ್ನ ದಬ್ಬಾಕತ್ತದಪ್ಪಾ. ನನ್ನ ಕಡಿ ದಬ್ಬಾಕತ್ತದ.”

ಅವನು ಕೈ ಚಾಚಿ ಪೆಟ್ಟಿಗೆ ತೆಗೆಯಲು ಹೋದ. ಹುಡುಗಿ ಕಿರುಚಿತು, ಮುಖ ತಿರುಗಿಸಿ ಗೋಡೆಯ ಕಡೆ ನಿಂತುಕೊಂಡಿತು, ಪೆಟ್ಟಿಗೆ ಕಣ್ಣಿಗೆ ಒತ್ತಿಕೊಂಡೇ. ಹೊತ್ತು ಕಳೆಯಿತು. ಕೊನೆಗೆ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಿತು. ನಾನು ಬೆನ್ನು ಸವರಿ, ಬಾಯಿ ತೊಳೆಸಿ, ಸೆರಗಿನಿಂದ ಒರೆಸಿದೆ. ಮುಖ ಬಿಳುಚಿ ಹೋಗಿತ್ತು. ಒರೆಸಿದ ಕೂಡಲೇ ಎರಡೂ ಕೈ ಮುಂದೆ ಮಾಡಿ ಪೆಟ್ಟಿಗೆ ಕೇಳಿತು.

ಅವನು ಪೆಟ್ಟಿಗೆ ಎದೆಗೆ ಹಿಡಿದು ನಿಂತಿದ್ದ. ಏನು ಮಾಡಲಿ ಎಂದು ನನ್ನ ಮುಖ ನೋಡಿದ.

“ಕೊಡು” ಎಂದೆ.